ಮಲೆನಾಡಿನ ಸಿರಿಯೂ ಕ್ರೈಸ್ತ ಔದಾರ್ಯವೂ

ನಮ್ಮ ದೇವಾಲಯವು ನೂರು ಸಂವತ್ಸರಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನಮ್ಮಿಂದ ಒಂದು ಇತಿಹಾಸ ಲೇಖನವನ್ನು ಬಯಸಿದರು. ಇತಿಹಾಸವೆಂದೊಡನೆ ಅಸ್ತಿಭಾರ ಹಾಕಿದ ವರ್ಷ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ಗಂಟೆಯ ತೂಕ, ಗೋಪುರದ ಎತ್ತರ ಇವುಗಳೇ ನೆನಪಿಗೆ ಬರುವುದು ಸಹಜ. ಆ ವಿವರಗಳೆಲ್ಲ ಈ ಸಂಚಿಕೆಯ ಇತರ ಪುಟಗಳಲ್ಲಿ ದೊರೆಯುತ್ತವೆ. ನಾವು ಇಲ್ಲಿ ಕೇಳಬಯಸುವ ಪ್ರಶ್ನೆ ಬೇರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಈ ಮೂರು ತಾಲೂಕುಗಳ ಬೆಟ್ಟ ಕಣಿವೆಗಳಲ್ಲಿ ನೆಲೆಸಿದ ಕ್ರೈಸ್ತ ಜನರು ಇಷ್ಟು ಕಾಲ ಯಾವುದರ ಮೇಲೆ ಭರವಸೆಯಿಟ್ಟು ಬಾಳಿದರು?

ಈ ಪ್ರಶ್ನೆ ಹುಟ್ಟಿದ್ದು ಒಂದು ಸಣ್ಣ ಸಂಗತಿಯಿಂದ. ಶತಮಾನೋತ್ಸವ ಸಮಿತಿಯ ಸಭೆಯಲ್ಲಿ ದಾನಿಗಳ ಹೆಸರುಗಳನ್ನು ಅಮೃತಶಿಲೆಯ ಫಲಕದಲ್ಲಿ ಕೆತ್ತಿಸಬೇಕೆಂಬ ಸಲಹೆ ಬಂದಿತು. ಹೆಚ್ಚು ಕೊಟ್ಟವರ ಹೆಸರು ಮೇಲೆ, ಕಡಿಮೆ ಕೊಟ್ಟವರದು ಕೆಳಗೆ, ಇಂತಿಷ್ಟು ಮೊತ್ತಕ್ಕಿಂತ ಕಡಿಮೆ ಕೊಟ್ಟವರ ಹೆಸರು ಬೇಡ ಎಂಬುದು ಆ ಸಲಹೆಯ ಸಾರಾಂಶ. ಸಲಹೆ ಕೊಟ್ಟವರು ಸದುದ್ದೇಶದವರೇ. ಆದರೂ ಆ ರಾತ್ರಿ ನಮಗೆ ಸುಲಭವಾಗಿ ನಿದ್ರೆ ಬರಲಿಲ್ಲ. ಸಂತ ಪೌಲರು ತಮ್ಮ ಪ್ರಿಯ ಶಿಷ್ಯ ತಿಮೊಥೇಯನಿಗೆ ಬರೆದ ಮೊದಲ ಪತ್ರದ ಕೊನೆಯ ಅಧ್ಯಾಯವನ್ನು ತೆರೆದು ಓದಿದೆವು. ಐಶ್ವರ್ಯವಂತರು ಅಹಂಕಾರಪಡಬಾರದು, ನಿಲುಗಡೆಯಿಲ್ಲದ ಹಣದ ಮೇಲೆ ನಂಬಿಕೆಯಿಡದೆ ಸಕಲವನ್ನೂ ದಯಪಾಲಿಸುವ ದೇವರ ಮೇಲೆ ನಂಬಿಕೆಯಿಡಬೇಕು, ಸತ್ಕಾರ್ಯಗಳಲ್ಲಿ ಸಿರಿವಂತರಾಗಿ ಹಂಚಿಕೊಳ್ಳಲು ಸಿದ್ಧರಾಗಿರಬೇಕು ಎಂಬುದು ಅಲ್ಲಿನ ಬೋಧೆ. ಗಮನಿಸಿರಿ, ಪೌಲರು ಐಶ್ವರ್ಯವನ್ನೇ ಪಾಪವೆನ್ನಲಿಲ್ಲ. ಅದರ ಮೇಲೆ ನಂಬಿಕೆಯ ಭಾರವನ್ನು ಹಾಕಬೇಡಿ, ಆ ಭಾರವನ್ನು ಅದು ತಾಳಲಾರದು ಎಂದರು. ಈ ಮಾತು ಎಷ್ಟು ಸತ್ಯವೆಂಬುದನ್ನು ತಿಳಿಯಲು ನಾವು ದೂರದ ಎಫೆಸಕ್ಕೆ ಹೋಗಬೇಕಾಗಿಲ್ಲ. ನಮ್ಮ ಮಲೆನಾಡಿನ ಇತಿಹಾಸವೇ ಅದಕ್ಕೆ ಸಾಕ್ಷಿ.

ಬರಿಗೈಯಲ್ಲಿ ಬಂದವರು

ನಮ್ಮ ಧರ್ಮಕೇಂದ್ರದ ಹಲವಾರು ಮನೆತನಗಳ ಬೇರು ಘಟ್ಟದ ಕೆಳಗಿನ ಕರಾವಳಿಯಲ್ಲಿದೆ. ಆ ಕರಾವಳಿಯೂ ಈ ಮಲೆನಾಡೂ ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಅರಸರ ಆಳ್ವಿಕೆಗೆ ಒಳಪಟ್ಟಿದ್ದವು. ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ, 1681ರಿಂದ 1684ರವರೆಗೆ, ಗೋವೆಯ ಬಾಣಾವಲಿಯಲ್ಲಿ ಹುಟ್ಟಿದ ಗುರು ಜೋಸೆಫ್ ವಾಜರು ಕೆನರಾ ಸೀಮೆಯಲ್ಲಿ ಸೇವೆ ಸಲ್ಲಿಸಿದರು. ಅವರು ಬರಿಗಾಲಿನಲ್ಲಿ ಊರೂರು ನಡೆದವರು. ಮುಂದೆ 1687ರಲ್ಲಿ ಅವರು ಸಿಂಹಳಕ್ಕೆ ಹೋದದ್ದು ಬಡ ಕೂಲಿಯವನ ವೇಷದಲ್ಲಿ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಜನರು ಊರು ಬಿಟ್ಟೋಡಿದಾಗ ರೋಗಿಗಳ ಬಳಿ ನಿಂತು ಅವರ ಶುಶ್ರೂಷೆ ಮಾಡಿದರು. ಕೈಯಲ್ಲಿ ಏನನ್ನೂ ಇಟ್ಟುಕೊಳ್ಳದ ಈ ಮಹಾನುಭಾವರನ್ನು 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೋದಲ್ಲಿ ಸಂತರೆಂದು ಘೋಷಿಸಿದರು. ನಮ್ಮ ಪೂರ್ವಜರ ವಿಶ್ವಾಸಕ್ಕೆ ನೀರೆರೆದವರು ಇಂಥವರು.

ಅನಂತರ ಬಂದದ್ದು 1784. ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಹೊಲ, ಮನೆ, ತೋಟಗಳು ಮುಟ್ಟುಗೋಲಾದವು. ಹಲವು ದೇವಾಲಯಗಳು ನೆಲಸಮವಾದವು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಬದುಕುಳಿದವರು ಹಿಂದಿರುಗಿದರು. ಈ ಘಟನೆಯನ್ನು ನಾವು ಯಾರ ಮೇಲೂ ದ್ವೇಷ ಬೆಳೆಸಲೆಂದು ನೆನೆಯುತ್ತಿಲ್ಲ. ಹಾಗೆ ನೆನೆಯುವುದು ಕ್ರೈಸ್ತರಿಗೆ ತಕ್ಕುದೂ ಅಲ್ಲ. ಒಂದೇ ದಿನದಲ್ಲಿ ಮನೆ, ಗದ್ದೆ, ಕಣಜ ಎಲ್ಲವನ್ನೂ ಕಳೆದುಕೊಂಡ ಜನರ ಮಕ್ಕಳು ನಾವು ಎಂಬುದು ಮರೆಯಬಾರದ ಮಾತು. ಹಿಂದಿರುಗಿದವರ ಕೈಯಲ್ಲಿ ಪತ್ರವಿರಲಿಲ್ಲ, ಪಟ್ಟೆಯಿರಲಿಲ್ಲ. ಉಳಿದದ್ದು ಬಾಯಲ್ಲಿನ ಪ್ರಾರ್ಥನೆ, ಒಬ್ಬರಿಗೊಬ್ಬರು ಆಸರೆಯಾಗುವ ಗುಣ. ಇಷ್ಟರಿಂದಲೇ ಅವರು ಮುಳಿಹುಲ್ಲಿನ ಮಾಡಿನ ಪ್ರಾರ್ಥನಾಲಯಗಳನ್ನು ಕಟ್ಟಿ, ಮತ್ತೆ ಸಮುದಾಯವಾಗಿ ಎದ್ದು ನಿಂತರು.

ಅದೇ ಕಾಲದಲ್ಲಿ ಇನ್ನೊಂದು ಬಾಗಿಲೂ ತೆರೆಯಿತು. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನು ತನ್ನ ಸೀಮೆಗೆ ಓಡಿಬಂದ ಕ್ರೈಸ್ತರಿಗೆ ಆಶ್ರಯವಿತ್ತು, 1792ರಲ್ಲಿ ವಿರಾಜಪೇಟೆಯಲ್ಲಿ ನೆಲೆಸಲು ನೆಲವನ್ನೂ ದೇವಾಲಯಕ್ಕೆ ಸ್ಥಳವನ್ನೂ ಕೊಟ್ಟನು. ಸಂತ ಅನ್ನಮ್ಮನವರ ಹೆಸರಿನ ಆ ದೇವಾಲಯ ಇಂದಿಗೂ ಅಲ್ಲಿದೆ. ಕೊಟ್ಟವನು ನಮ್ಮ ಧರ್ಮದವನಲ್ಲ. ಪಡೆದವರು ಅವನಿಗೆ ಏನನ್ನೂ ಹಿಂದಿರುಗಿಸಲಾರದ ನಿರ್ಗತಿಕರು. ಔದಾರ್ಯವು ಕ್ರೈಸ್ತರ ಸ್ವತ್ತು ಮಾತ್ರವೆಂದು ನಾವು ಭಾವಿಸಿದರೆ ಅದೂ ಒಂದು ಬಗೆಯ ಅಹಂಕಾರವೇ ಸರಿ. ಮಲೆನಾಡಿನ ನಮಗೆ ಇದು ಹೊಸ ಪಾಠವೇನಲ್ಲ. ಶೃಂಗೇರಿಯ ಮಠದಲ್ಲಿ ಯಾತ್ರಿಕರಿಗೆ ನಿತ್ಯವೂ ಅನ್ನದಾನ ನಡೆಯುತ್ತಿರುವುದನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ನಮ್ಮ ಸೀಮೆಯ ಹಳೆಯ ಶಿಲಾಶಾಸನಗಳು ಬಹುಮಟ್ಟಿಗೆ ದಾನಶಾಸನಗಳೇ. ಕೊಡುವುದಕ್ಕಿಂತಲೂ, ಹಿಂದಿನವರು ಕೊಟ್ಟದ್ದನ್ನು ಹಾಳುಮಾಡದೆ ಕಾಪಾಡುವುದು ಹೆಚ್ಚಿನ ಪುಣ್ಯವೆಂಬ ಭಾವನೆ ಆ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಶತಮಾನೋತ್ಸವ ಆಚರಿಸುವವರು ಮನನ ಮಾಡತಕ್ಕ ಭಾವನೆಯಿದು.

ಘಟ್ಟ ಹತ್ತಿದವರು

ಕರಾವಳಿಯಲ್ಲಿ ಭೂಮಿ ಸಾಲದಾದಾಗ, ಕಾಫಿಯ ತೋಟಗಳಲ್ಲಿ ಕೆಲಸವಿದೆಯೆಂಬ ಸುದ್ದಿ ಹಬ್ಬಿದಾಗ, ನಮ್ಮವರು ಘಟ್ಟ ಹತ್ತಿದರು. ಕೆಲವರು ಆಗುಂಬೆಯ ಹಾದಿಯಿಂದ, ಕೆಲವರು ಮಾಳ ಕೆರೆಕಟ್ಟೆಯ ಕಾಡಿನಿಂದ, ಇನ್ನು ಕೆಲವರು ಚಾರ್ಮಾಡಿಯಿಂದ ಬಂದರು. ಬಂದವರಲ್ಲಿ ಮೇಸ್ತ್ರಿಗಳು, ರೈಟರುಗಳು, ಬಡಗಿಗಳು, ಗಾರೆಯವರು ಇದ್ದರು. ಎಲ್ಲರಿಗಿಂತ ಹೆಚ್ಚಾಗಿ ತೋಟದ ಕೂಲಿಯವರಿದ್ದರು. ಮುಂದೆ ತೋಟದ ಒಡೆಯರಾದ ಕೆಲವು ಮನೆತನಗಳ ಮೊದಲ ತಲೆಯೂ ಲೈನ್ ಮನೆಯಲ್ಲಿಯೇ ಮಲಗಿದ್ದಿತು. ಈ ಮಾತಿನಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಮರೆತರೆ ಮಾತ್ರ ನಾಚಿಕೆ.

ನೂರು ವರ್ಷಗಳ ಹಿಂದೆ ಈ ಪ್ರದೇಶವು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು. ಬಿಷಪರ ಪೀಠವಿದ್ದದ್ದು ಬೆಂಗಳೂರಿನಲ್ಲಿ. ಫ್ರಾನ್ಸ್ ದೇಶದ ಪ್ಯಾರಿಸ್ ಮಿಷನ್ ಸಂಸ್ಥೆಯ ಗುರುಗಳೂ ಅವರ ಜೊತೆಗೆ ದೇಶೀಯ ಗುರುಗಳೂ ವಿಸ್ತಾರವಾದ ಆ ಪ್ರಾಂತ್ಯವನ್ನು ನೋಡಿಕೊಳ್ಳುತ್ತಿದ್ದರು. ಮಳೆಗಾಲದಲ್ಲಿ ತುಂಗೆ ಭದ್ರೆಯರು ಉಕ್ಕಿದರೆ ವಾರಗಟ್ಟಲೆ ಸಂಪರ್ಕವಿಲ್ಲ. ಮಲೇರಿಯಾ ಜ್ವರವು ಮನೆ ಮನೆಯ ದೀಪ ಆರಿಸುತ್ತಿದ್ದ ಕಾಲವದು. ಗುರುಗಳು ಬರುವುದು ತಿಂಗಳಿಗೊಮ್ಮೆಯೋ ಹಬ್ಬಕ್ಕೊಮ್ಮೆಯೋ. ಉಳಿದ ಭಾನುವಾರಗಳಲ್ಲಿ ಉಪದೇಶಿಯೋ ಹಿರಿಯ ತಾಯಿಯೋ ಜಪಸರ ನಡೆಸುತ್ತಿದ್ದರು. 1940ರಲ್ಲಿ ಬೆಂಗಳೂರು ಮತ್ತು ಮೈಸೂರು ಬೇರೆ ಬೇರೆ ಧರ್ಮಪ್ರಾಂತ್ಯಗಳಾದವು. 1963ರ ನವೆಂಬರ್ 16ರಂದು ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾಗಿ, ಪರಮಪೂಜ್ಯ ಆಲ್ಫೋನ್ಸಸ್ ಮಥಾಯಸರು ಅದರ ಮೊದಲ ಧರ್ಮಾಧ್ಯಕ್ಷರಾದರು. 1986ರಲ್ಲಿ ಅವರು ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿ ನೇಮಕಗೊಂಡರು. ಇತ್ತ ಕೇರಳದಿಂದ ನರಸಿಂಹರಾಜಪುರದ ಸುತ್ತಮುತ್ತ ಬಂದು ನೆಲೆಸಿದ ಸಿರಿಯನ್ ಕ್ರೈಸ್ತ ಸಹೋದರರು ಕಾಡು ಪ್ರದೇಶದಲ್ಲಿ ಬೆವರು ಸುರಿಸಿ ತೋಟ ಮಾಡಿದರು. ಸೀರೋ ಮಲಬಾರ್ ವಿಧಿಯವರಿಗಾಗಿ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯವೂ ಸ್ಥಾಪಿತವಾಯಿತು. ವಿಧಿ ಬೇರೆಯಾದರೂ ಕಥೆ ಒಂದೇ. ಇಲ್ಲಿಗೆ ಬಂದವರೆಲ್ಲ ಬರಿಗೈಯವರು.

ಮಲೆನಾಡಿನ ಸಿರಿ ಎಷ್ಟು ನಿಲುಗಡೆಯದು?

ಬರಿಗೈಯಲ್ಲಿ ಬಂದವರ ಕೈ ಕ್ರಮೇಣ ತುಂಬಿತು. ಕಾಫಿ, ಅಡಿಕೆ, ಏಲಕ್ಕಿ, ಮೆಣಸು ಇವು ನಮ್ಮ ಸೀಮೆಯ ಸಿರಿ. ಈ ಸಿರಿಯ ಸ್ವಭಾವವನ್ನು ಸ್ವಲ್ಪ ವಿಚಾರಿಸೋಣ.

ಕಾಫಿಯನ್ನೇ ತೆಗೆದುಕೊಳ್ಳಿರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಐರೋಪ್ಯ ತೋಟಗಾರರು ದೊಡ್ಡ ಆಸೆಯಿಂದ ಬೆಳೆಸಿದ ಗಿಡಗಳನ್ನು ಕಾಂಡಕೊರಕ ಹುಳುವೂ ಎಲೆ ತುಕ್ಕು ರೋಗವೂ ತಿಂದುಹಾಕಿದವು. ಎಷ್ಟೋ ತೋಟಗಳು ಕಾಡು ಬಿದ್ದವು. ಅವಕ್ಕೆ ಮದ್ದು ಹುಡುಕಲೆಂದೇ ಮೈಸೂರು ಸರ್ಕಾರದ ಕೃಷಿ ನಿರ್ದೇಶಕರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು. ರೋಗಕ್ಕೆ ಮದ್ದು ದೊರೆತರೂ ಬೆಲೆಗೆ ಮದ್ದು ದೊರೆಯಲಿಲ್ಲ. 1930ರ ದಶಕದ ಜಾಗತಿಕ ಮುಗ್ಗಟ್ಟು ಬೆಳೆಗಾರರನ್ನು ಸಾಲದಲ್ಲಿ ಮುಳುಗಿಸಿತು. 1942ರ ಕಾಯಿದೆಯಿಂದ ಕಾಫಿ ಮಂಡಳಿಯ ಮೂಲಕ ಮಾರಾಟದ ವ್ಯವಸ್ಥೆ ಬಂದು ಸ್ವಲ್ಪ ನೆಮ್ಮದಿ ದೊರೆಯಿತು. 1990ರ ದಶಕದಲ್ಲಿ ಆ ವ್ಯವಸ್ಥೆಯೂ ಕೊನೆಗೊಂಡು ಮುಕ್ತ ಮಾರುಕಟ್ಟೆ ಬಂದಿತು. 1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಅಲ್ಲಿನ ಬೆಳೆ ಸುಟ್ಟುಹೋದಾಗ ನಮ್ಮ ಊರಿನ ಕಣಗಳಲ್ಲಿ ಹಣದ ಹೊಳೆ ಹರಿಯಿತು. ಹೊಸ ಕಾರುಗಳು, ಹೊಸ ಬಂಗಲೆಗಳು, ಮದುವೆಯ ಆಡಂಬರ ಎಲ್ಲವನ್ನೂ ಕಂಡೆವು. ಆರೇಳು ವರ್ಷ ಕಳೆಯುವಷ್ಟರಲ್ಲಿ, 2000ದ ನಂತರ, ಬೆಲೆ ಪಾತಾಳಕ್ಕೆ ಕುಸಿಯಿತು. ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲವೆಂದು ಹಣ್ಣನ್ನು ಗಿಡದಲ್ಲಿಯೇ ಬಿಟ್ಟವರೂ ಇದ್ದರು. ಎಲ್ಲಿಯ ಬ್ರೆಜಿಲ್, ಎಲ್ಲಿಯ ಕೊಪ್ಪ! ನಾವು ಹೆಸರನ್ನೂ ಅರಿಯದ ಊರಿನ ಒಂದು ರಾತ್ರಿಯ ಚಳಿ ನಮ್ಮ ಐಶ್ವರ್ಯವನ್ನು ಏರಿಸಬಲ್ಲದು, ಅಲ್ಲಿನ ಒಳ್ಳೆಯ ಮಳೆ ಅದನ್ನು ಇಳಿಸಬಲ್ಲದು. ಇಂಥದರ ಮೇಲೆ ಆತ್ಮದ ಭಾರವನ್ನು ಹೇಗೆ ಇಡೋಣ?

ಅಡಿಕೆಯ ಕಥೆ ಇನ್ನೂ ಕರುಣಾಜನಕ. ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆರೋಗಕ್ಕೆ ಮೇಲೆ ಹೇಳಿದ ಕೋಲ್ಮನ್ ಅವರೇ ಕಳೆದ ಶತಮಾನದ ಆರಂಭದಲ್ಲಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ತೋರಿಸಿಕೊಟ್ಟರು. ಹಳದಿ ಎಲೆ ರೋಗಕ್ಕೆ ಮಾತ್ರ ಈ ಹೊತ್ತಿಗೂ ಖಚಿತವಾದ ಔಷಧಿಯಿಲ್ಲ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲೂಕುಗಳಲ್ಲಿ ತಲೆಮಾರುಗಳಿಂದ ಬಂದ ತೋಟಗಳು ಕಣ್ಣ ಮುಂದೆಯೇ ಹಳದಿಯಾಗಿ, ಗೊನೆ ಸಣ್ಣದಾಗಿ, ಮರ ಬರಿದಾಗಿ ನಿಂತಿವೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಪತ್ರದಲ್ಲಿ ಎಕರೆ ಅಷ್ಟೇ ಇದೆ, ಫಸಲು ಮಾತ್ರ ಇಲ್ಲ. ನುಸಿಯೂ ಕಿಲುಬೂ ಹಾಳುಮಾಡುವ ಗಂಟನ್ನು ಭೂಮಿಯ ಮೇಲೆ ಕೂಡಿಡಬೇಡಿರೆಂದು ಪ್ರಭು ಯೇಸು ಬೆಟ್ಟದ ಮೇಲೆ ಬೋಧಿಸಿದರು. ಮಲೆನಾಡಿನಲ್ಲಿ ನುಸಿಗೆ ಹಳದಿ ಎಲೆಯೆಂದೂ ಕಿಲುಬಿಗೆ ಕೊಳೆಯೆಂದೂ ಹೆಸರು.

ಕೊನೆಗೆ ನೆಲವೇ ಶಾಶ್ವತವೆನ್ನೋಣವೇ? ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಾಗ ನರಸಿಂಹರಾಜಪುರದ ಕಡೆಯ ಫಲವತ್ತಾದ ಗದ್ದೆಗಳೂ ಹಳ್ಳಿಗಳೂ ನೀರಿನಡಿ ಸೇರಿದವು. ಬಯಲು ಸೀಮೆಯ ಸಾವಿರಾರು ಎಕರೆಗೆ ಅನ್ನ ಕೊಟ್ಟ ಆ ನೀರು ಇಲ್ಲಿನವರ ಅನ್ನದ ಬಟ್ಟಲಿನಿಂದ ಬಂದದ್ದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ಶಾಸನದಿಂದ ಗೇಣಿಯನ್ನೇ ನಂಬಿದವರ ಗೇಣಿ ನಿಂತಿತು, ಉಳುವವರಿಗೆ ನೆಲ ಬಂದಿತು. ಕಾಫಿ ಮುಂತಾದ ತೋಟಗಳು ಆ ಶಾಸನದ ಮಿತಿಗೆ ಒಳಪಡದೆ ಉಳಿದುದರಿಂದ ಲೈನ್ ಮನೆಯ ಕೂಲಿಯವನಿಗೆ ಮಾತ್ರ ಅಂಗೈಯಗಲ ನೆಲವೂ ದೊರೆಯಲಿಲ್ಲ. ನೆರೆಯ ಕುದುರೆಮುಖದಲ್ಲಿ 1976ರಲ್ಲಿ ಸ್ಥಾಪನೆಯಾದ ಕಬ್ಬಿಣದ ಅದಿರಿನ ಕಂಪನಿ ಕಾಡಿನ ನಡುವೆ ಒಂದು ನಗರವನ್ನೇ ಕಟ್ಟಿತು. 2005ರ ಕೊನೆಗೆ ನ್ಯಾಯಾಲಯದ ತೀರ್ಪಿನಂತೆ ಗಣಿಗಾರಿಕೆ ನಿಂತಿತು, ದೀಪಗಳು ಒಂದೊಂದಾಗಿ ಆರಿದವು. ಕಣಜವನ್ನು ದೊಡ್ಡದಾಗಿ ಕಟ್ಟಿಸಲು ಯೋಚಿಸಿದ ಸಿರಿವಂತನಿಗೆ ಆ ರಾತ್ರಿಯೇ ಕರೆ ಬಂದ ಸಾಮತಿಯನ್ನು ಸಂತ ಲೂಕರ ಶುಭಸಂದೇಶದಲ್ಲಿ ಓದುವಾಗ, ಅದು ನಮ್ಮ ಊರಿನ ಕಥೆಯಂತೆಯೇ ಕೇಳಿಸುವುದಿಲ್ಲವೇ?

ಉಳಿದದ್ದು ಯಾವುದು?

ಹಾಗಾದರೆ ಈ ಏರಿಳಿತಗಳ ನಡುವೆ ಉಳಿದದ್ದು ಯಾವುದು? ಕೊಟ್ಟದ್ದು ಉಳಿಯಿತು.

ಮಲೆನಾಡಿನ ಬಹುತೇಕ ದೇವಾಲಯಗಳು ಹೇಗೆ ಎದ್ದವೆಂಬುದನ್ನು ಹಿರಿಯರ ಬಾಯಿಂದ ಕೇಳಿದವರಿಗೆ ಇದು ತಿಳಿದದ್ದೇ. ಒಬ್ಬರು ನೆಲ ಕೊಟ್ಟರು, ಒಬ್ಬರು ಮರ ಕೊಟ್ಟರು. ಕೊಡಲು ಏನೂ ಇಲ್ಲದವರು ಮೈ ಕೊಟ್ಟರು. ವಾರವಿಡೀ ತೋಟದಲ್ಲಿ ದುಡಿದವರು ಭಾನುವಾರ ಪೂಜೆಯ ಬಳಿಕ ಹೊಳೆಯಿಂದ ಮರಳು ಹೊತ್ತರು, ಮಕ್ಕಳು ಸಾಲಾಗಿ ನಿಂತು ಹಂಚು ದಾಟಿಸಿದರು. ತಾಯಂದಿರು ದಿನವೂ ಅನ್ನಕ್ಕೆ ಅಕ್ಕಿ ಹಾಕುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕಿ, ತುಂಬಿದ ಮೇಲೆ ದೇವಾಲಯಕ್ಕೆ ತಂದರು. ಆ ಹಿಡಿಯಕ್ಕಿ ಮನೆಯಲ್ಲಿ ಉಂಡು ಮಿಕ್ಕಿದ್ದಲ್ಲ, ಅವರ ಊಟದಿಂದಲೇ ತೆಗೆದದ್ದು. ನೆರೆಯ ಗೌಡರು, ಹೆಗ್ಗಡೆಯವರು, ಬ್ಯಾರಿ ವ್ಯಾಪಾರಿಗಳು ಕೂಡ ಎತ್ತಿನ ಗಾಡಿಯನ್ನೋ ಹಗ್ಗವನ್ನೋ ಊಟವನ್ನೋ ಕೊಟ್ಟು ಕೈಜೋಡಿಸಿದ ಕಥೆಗಳು ಊರೂರಿನಲ್ಲಿವೆ. ಜೆರುಸಲೇಮಿನ ಬಡವರಿಗಾಗಿ ಚಂದಾ ಕೂಡಿಸುವಾಗ, ಕಡುಬಡವರಾದ ಮಕೆದೋನಿಯದ ಸಭೆಗಳು ತಮ್ಮ ಶಕ್ತಿಯನ್ನೂ ಮೀರಿ ಕೊಟ್ಟವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ಇಂದು ಅವರು ಬರೆಯುತ್ತಿದ್ದರೆ ಮಲೆನಾಡಿನ ಲೈನ್ ಮನೆಗಳನ್ನೂ ಹೆಸರಿಸುತ್ತಿದ್ದರೆಂದು ನಮ್ಮ ನಂಬಿಕೆ.

ಘಟ್ಟದ ಕೆಳಗಿನ ಒಂದು ನಿದರ್ಶನವನ್ನು ಹೇಳದಿರಲಾರೆವು, ಏಕೆಂದರೆ ಅದರ ಫಲವನ್ನು ನಾವೂ ಉಂಡಿದ್ದೇವೆ. ಯೇಸುಸಭೆಯ ಜರ್ಮನ್ ಗುರು ಫಾದರ್ ಆಗಸ್ಟಸ್ ಮುಲ್ಲರರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದರು. ಔಷಧಿಗೆ ಬೇಡಿಕೆ ಬೆಳೆಯಿತು, ಹಣವೂ ಬಂದಿತು. ಅವರು ಅದನ್ನು ಕೂಡಿಡದೆ, ಎಲ್ಲರೂ ದೂರ ಅಟ್ಟಿದ್ದ ಕುಷ್ಠರೋಗಿಗಳಿಗೆ 1890ರಲ್ಲಿ ಆಸರೆಯನ್ನು ಕಟ್ಟಿದರು. ಮಲೆನಾಡಿನ ಯಾವ ಮನೆಯವರು ಒಮ್ಮೆಯಾದರೂ ಕಂಕನಾಡಿ ಆಸ್ಪತ್ರೆಯ ಮೆಟ್ಟಿಲು ಹತ್ತಿಲ್ಲ? ಮುಲ್ಲರರು 1910ರಲ್ಲಿ ದೈವಾಧೀನರಾದರು. ಅವರ ಕೊಡುಗೆ ಈಗಲೂ ಕೆಲಸ ಮಾಡುತ್ತಿದೆ.

ಇನ್ನು ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನ್ಮದಿನದ ತೆನೆಹಬ್ಬವನ್ನು ನೋಡಿರಿ. ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತೇವೆ. ನೂರು ಎಕರೆಯ ಒಡೆಯನಿಗೂ ಒಂದೇ ತೆನೆ, ಒಂದು ಸೆಂಟ್ಸ್ ನೆಲವಿಲ್ಲದವನಿಗೂ ಒಂದೇ ತೆನೆ. ಆ ಒಂದು ದಿನ ನಾವೆಲ್ಲರೂ ಸಮಾನವಾಗಿ ದೇವರಿಂದ ಬೇಡಿ ತಿನ್ನುವವರು. ವರ್ಷದ ಉಳಿದ ದಿನಗಳಲ್ಲಿ ಇದನ್ನು ಮರೆಯುತ್ತೇವೆ.

ಸಂತ ಲಾರೆನ್ಸರ ಬೊಕ್ಕಸ

ಪ್ರತಿವರ್ಷ ಜನವರಿ ತಿಂಗಳಲ್ಲಿ ನಮ್ಮ ಜನರು ಕೆರೆಕಟ್ಟೆಯ ಹಾದಿಯಿಂದ ಘಟ್ಟವಿಳಿದು ಕಾರ್ಕಳದ ಅತ್ತೂರು ಜಾತ್ರೆಗೆ ಹೋಗುವುದು ಹಿರಿಯರಿಂದ ಬಂದ ವಾಡಿಕೆ. 1759ರಲ್ಲಿ ಮೊದಲು ಸ್ಥಾಪನೆಯಾಗಿ, 1784ರಲ್ಲಿ ನೆಲಸಮವಾಗಿ, ಮತ್ತೆ ಎದ್ದು ನಿಂತ ಸಂತ ಲಾರೆನ್ಸರ ಆ ಪುಣ್ಯಕ್ಷೇತ್ರವನ್ನು 2016ರಲ್ಲಿ ಬಸಿಲಿಕಾ ಪದವಿಗೆ ಏರಿಸಲಾಯಿತು. ಜಾತಿ ಮತಗಳ ಭೇದವಿಲ್ಲದೆ ಅಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಮೊಂಬತ್ತಿ ಹಚ್ಚುತ್ತೇವೆ, ಹರಕೆ ತೀರಿಸುತ್ತೇವೆ. ಆದರೆ ಆ ಸಂತರು ಯಾರೆಂಬುದನ್ನು ಎಷ್ಟು ಮಂದಿ ಯೋಚಿಸುತ್ತೇವೆ?

ಲಾರೆನ್ಸರು ರೋಮಾಪುರಿಯ ಸಭೆಯಲ್ಲಿ ಉಪಯಾಜಕರಾಗಿದ್ದವರು. ಸಭೆಯ ಹಣವೂ ಬಡವರ ಪಾಲನೆಯೂ ಅವರ ಹೊಣೆ. ಚಕ್ರವರ್ತಿ ವಲೇರಿಯನನ ಹಿಂಸಾಕಾಲದಲ್ಲಿ, 258ರಲ್ಲಿ, ಅಧಿಕಾರಿಯು ಸಭೆಯ ಸಂಪತ್ತನ್ನೆಲ್ಲ ತಂದೊಪ್ಪಿಸೆಂದು ಅವರಿಗೆ ಆಜ್ಞೆ ಮಾಡಿದನೆಂದೂ, ಅವರು ಕಾಲಾವಕಾಶ ಬೇಡಿ ಇದ್ದುದನ್ನೆಲ್ಲ ಹಂಚಿ, ಕುರುಡರು, ಕುಂಟರು, ವಿಧವೆಯರು, ಅನಾಥರನ್ನು ಕರೆತಂದು ನಿಲ್ಲಿಸಿ, ಸಭೆಯ ಸಂಪತ್ತು ಇವರೇ ಎಂದರೆಂದೂ ಪರಂಪರೆ ಹೇಳುತ್ತದೆ. ಆ ಉತ್ತರಕ್ಕೆ ಅವರು ಪ್ರಾಣವನ್ನೇ ತೆತ್ತರು. ಮುಂದಿನ ಶತಮಾನದಲ್ಲಿ ಮಿಲಾನಿನ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರು ಸೆರೆಯಾಳುಗಳನ್ನು ಬಿಡಿಸಲು ದೇವಾಲಯದ ಬೆಳ್ಳಿ ಬಂಗಾರದ ಪಾತ್ರೆಗಳನ್ನು ಕರಗಿಸಿದರು. ಸೆರೆಯಾಳುಗಳ ಸಂತತಿಯಾದ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು. ಸೆಮಿನರಿಯಲ್ಲಿ ಇವುಗಳನ್ನು ಓದಿದಾಗ ಪರೀಕ್ಷೆಗೆ ಉತ್ತರ ಬರೆದು ಮುಗಿಸಿದೆವು. ನಿಜವಾದ ಪರೀಕ್ಷೆ ಅನಂತರ ಬಂದಿತು.

ನಮ್ಮದೇ ಒಂದು ತಪ್ಪು

ಮೂವತ್ತು ವರ್ಷಗಳ ಹಿಂದೆ ನಾವು ಬೇರೊಂದು ಊರಿನಲ್ಲಿ ಸೇವೆಯಲ್ಲಿದ್ದಾಗ ದೇವಾಲಯದ ಜೀರ್ಣೋದ್ಧಾರ ನಡೆಯುತ್ತಿತ್ತು. ಹಣ ಬೇಗ ಕೂಡಲೆಂದು ನಾವು ಪ್ರತಿ ಭಾನುವಾರ ಪೂಜಾವೇದಿಕೆಯಿಂದಲೇ ದಾನಿಗಳ ಹೆಸರನ್ನೂ ಮೊತ್ತವನ್ನೂ ಓದತೊಡಗಿದೆವು. ಹಣವೇನೋ ಕೂಡಿತು. ಕೆಲವು ವಾರಗಳ ಬಳಿಕ, ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ತೋಟದ ಕೂಲಿಯ ಒಬ್ಬ ವೃದ್ಧ ತಾಯಿ ಕಾಣಿಕೆಯ ಸಮಯದಲ್ಲಿ ತಲೆ ತಗ್ಗಿಸಿ ಕುಳಿತಿರುವುದು ಕಣ್ಣಿಗೆ ಬಿತ್ತು. ಪೂಜೆಯಾದ ಮೇಲೆ ವಿಚಾರಿಸಿದೆವು.

“ಫಾದರ್, ದೊಡ್ಡವರ ಹೆಸರಿನ ಜೊತೆ ನನ್ನ ಎರಡು ರೂಪಾಯಿಯನ್ನೂ ಓದಿಬಿಟ್ಟರೆ ಎಂದು ನಾಚಿಕೆಯಾಯಿತು,” ಎಂದು ಆಕೆ ಹೇಳಿದರು.

ಆ ತಾಯಿ ಕೆಲಸ ಬಿಟ್ಟ ಬಳಿಕ ಸಂಜೆಗಳಲ್ಲಿ ಬಂದು ಗಾರೆಗೆ ನೀರು ಹೊತ್ತು ಹಾಕುತ್ತಿದ್ದರೆಂಬುದು ನಮಗೆ ಆಮೇಲೆ ಮೇಸ್ತ್ರಿಯಿಂದ ತಿಳಿಯಿತು. ಪ್ರಭು ಯೇಸು ಜೆರುಸಲೇಮಿನ ಬೊಕ್ಕಸದ ಎದುರಿಗೆ ಕುಳಿತು, ಎರಡು ಕಾಸು ಹಾಕಿದ ಬಡ ವಿಧವೆಯು ಎಲ್ಲರಿಗಿಂತ ಹೆಚ್ಚು ಹಾಕಿದಳೆಂದರು. ಅವರು ಲೆಕ್ಕ ಹಾಕಿದ್ದು ಪೆಟ್ಟಿಗೆಗೆ ಬಿದ್ದದ್ದನ್ನಲ್ಲ, ಕೈಯಲ್ಲಿ ಉಳಿದದ್ದನ್ನು. ಆ ಶುಭಸಂದೇಶವನ್ನು ಎಷ್ಟೋ ಬಾರಿ ಬೋಧಿಸಿದ ನಾವು, ಆ ವಿಧವೆಯನ್ನು ನಮ್ಮ ಕೈಯಾರೆ ಬೊಕ್ಕಸದ ಬಳಿಯಿಂದ ಹಿಂದಕ್ಕೆ ಕಳುಹಿಸಿದ್ದೆವು. ಓದುವುದನ್ನು ಆ ವಾರವೇ ನಿಲ್ಲಿಸಿದೆವು. ಆದರೆ ಆಕೆಯ ಆ ತಗ್ಗಿದ ತಲೆಯನ್ನು ನಾವು ಮರೆತಿಲ್ಲ.

ಈ ಕಾರಣದಿಂದಲೇ ಶತಮಾನೋತ್ಸವದ ಫಲಕದ ವಿಷಯದಲ್ಲಿ ನಾವು ಹಟ ಹಿಡಿದೆವು. ಸಭೆಯಲ್ಲಿ ಒಬ್ಬ ಹಿರಿಯ ಬೆಳೆಗಾರರು, ಹೆಸರು ಕೆತ್ತಿಸಿದರೆ ಮೊಮ್ಮಕ್ಕಳು ನೋಡಿ ತಾವೂ ಕೊಡಲು ಕಲಿಯುವರಲ್ಲವೇ ಎಂದು ಕೇಳಿದರು. ಅದು ತಳ್ಳಿಹಾಕತಕ್ಕ ಮಾತಲ್ಲ. ಕೊನೆಗೆ ಫಲಕದಲ್ಲಿ ಮೊತ್ತಗಳಿಲ್ಲದೆ, ದುಡ್ಡು ಕೊಟ್ಟವರನ್ನೂ ದುಡಿ಼ಮೆ ಕೊಟ್ಟವರನ್ನೂ ಬೇರ್ಪಡಿಸದೆ, ಕುಟುಂಬಗಳ ಹೆಸರನ್ನು ಅಕಾರಾದಿಯಾಗಿ ಕೆತ್ತಿಸುವುದೆಂದು ತೀರ್ಮಾನವಾಯಿತು. ಎಲ್ಲರಿಗೂ ಪೂರ್ಣ ಸಮಾಧಾನವಾಯಿತೆಂದು ನಾವು ಹೇಳಲಾರೆವು. ಆದರೆ ತೀರ್ಮಾನವಾದ ಮೇಲೆ ಆ ಹಿರಿಯರು ತಮ್ಮ ಚಂದಾವನ್ನು ಹಿಂದಕ್ಕೆ ಪಡೆಯಲಿಲ್ಲ ಎಂಬುದನ್ನು ಗೌರವದಿಂದ ಇಲ್ಲಿ ದಾಖಲಿಸುತ್ತೇವೆ.

ಇಂದಿನ ಬರಿಗೈಯವರು

ಇತಿಹಾಸವು ಹಿಂದಿನದನ್ನು ಹೇಳಿ ಮುಗಿಯುವುದಿಲ್ಲ. ಇಂದು ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಇರುವವರು ಯಾರು? ನಮ್ಮ ಮಕ್ಕಳು ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ, ಇನ್ನೂ ದೂರಕ್ಕೆ ಹೋದರು. ಅವರ ಜಾಗಕ್ಕೆ ಅಸ್ಸಾಂ, ಜಾರ್ಖಂಡ್ ಮುಂತಾದ ರಾಜ್ಯಗಳಿಂದ ಕೆಲಸಗಾರರು ಬಂದಿದ್ದಾರೆ. ಅವರಲ್ಲಿ ಕ್ರೈಸ್ತರೂ ಇದ್ದಾರೆ. ಭಾನುವಾರ ಅವರು ಸದ್ದಿಲ್ಲದೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು, ಭಾಷೆ ತಿಳಿಯದಿದ್ದರೂ ಪೂಜೆಯಲ್ಲಿ ಪಾಲ್ಗೊಂಡು ಹೋಗುತ್ತಾರೆ. ನೂರು ವರ್ಷಗಳ ಹಿಂದೆ ಕೊಂಕಣಿ ಮಾತನಾಡುತ್ತ ಘಟ್ಟ ಹತ್ತಿಬಂದ ನಮ್ಮ ಅಜ್ಜಂದಿರೇ ಬೇರೆ ರೂಪದಲ್ಲಿ ಬಂದು ಕುಳಿತಂತೆ ನಮಗೆ ತೋರುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕೊಡಬೇಕಾದ ಕೂಲಿಯನ್ನು ಹಿಡಿದಿಟ್ಟು ದೇವಾಲಯಕ್ಕೆ ದಾನ ಕೊಟ್ಟರೆ ಅದು ಔದಾರ್ಯವಲ್ಲ. ಹದಿಮೂರನೆಯ ಲಿಯೋ ಪೋಪರು 1891ರಲ್ಲಿಯೇ ತಮ್ಮ ಪ್ರಸಿದ್ಧ ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿಯು ಕೆಲಸಗಾರನ ಹಕ್ಕೆಂದು ಸಾರಿದರು. ಮೊದಲು ನ್ಯಾಯ, ಆಮೇಲೆ ದಾನ. ಸೋರದ ಮಾಡು, ಕುಡಿಯುವ ನೀರು, ಮಗುವಿಗೆ ಶಾಲೆ, ಕಾಯಿಲೆಯಾದರೆ ಔಷಧಿ, ಇವಿಷ್ಟನ್ನು ನಮ್ಮ ಕೈಕೆಳಗಿನವರಿಗೆ ಒದಗಿಸಿದ ಬಳಿಕ ಬಲಿಪೀಠದ ಮುಂದೆ ಬರೋಣ. ಬೆಳೆಗಾರರಿಗೆ ಈಗ ಕಷ್ಟಕಾಲವೆಂಬುದನ್ನು ನಾವು ಬಲ್ಲೆವು. ಹಳದಿ ಎಲೆಯ ತೋಟದ ನಡುವೆ ನಿಂತು ಕಣ್ಣೀರಿಟ್ಟವರ ಮನೆಗಳಿಗೆ ನಾವು ಹೋಗಿದ್ದೇವೆ. ಅವರಿಗೂ ನಮ್ಮ ಮಾತು ಇದೇ. ಸಿರಿ ಹೋದಾಗ ಭರವಸೆಯೂ ಹೋಗಬೇಕಾಗಿಲ್ಲ, ಏಕೆಂದರೆ ಭರವಸೆ ಅಲ್ಲಿ ಇಡತಕ್ಕದ್ದಾಗಿರಲಿಲ್ಲ. ಸಾಲದಲ್ಲಿ ಬಿದ್ದ ಬೆಳೆಗಾರನೂ ಇಂದು ನಮ್ಮ ಬಡವರಲ್ಲಿ ಒಬ್ಬ. ಅವನು ಕೇಳಲು ನಾಚುತ್ತಾನೆ, ಆದುದರಿಂದ ನಾವೇ ಅವನ ಬಾಗಿಲಿಗೆ ಹೋಗಬೇಕು.

ಈ ಉದ್ದೇಶಕ್ಕಾಗಿಯೇ ಶತಮಾನೋತ್ಸವ ನಿಧಿಯ ಹತ್ತರಲ್ಲೊಂದು ಪಾಲನ್ನು ಕಟ್ಟಡಕ್ಕೆ ಬಳಸದೆ, ಲೈನ್ ಮನೆಗಳ ಮಕ್ಕಳ ವಿದ್ಯಾಭ್ಯಾಸಕ್ಕೂ ಕಷ್ಟದಲ್ಲಿರುವ ಕುಟುಂಬಗಳ ಚಿಕಿತ್ಸೆಗೂ, ಜಾತಿ ಮತ ನೋಡದೆ, ಮೀಸಲಿಡಲು ಧರ್ಮಕೇಂದ್ರದ ಪಾಲನಾ ಸಮಿತಿ ಒಪ್ಪಿದೆ. ಗೋಪುರಕ್ಕೆ ಈ ವರ್ಷ ಬಣ್ಣ ಸ್ವಲ್ಪ ತೆಳುವಾಗಬಹುದು. ಅದನ್ನು ನೋಡಿದವರು ಬಣ್ಣಕ್ಕೆ ಹಣ ಸಾಲಲಿಲ್ಲವೆಂದು ತಿಳಿಯದಿರಲಿ.

ಪ್ರಿಯ ವಾಚಕರೇ, ಇನ್ನು ನೂರು ವರ್ಷಗಳ ಬಳಿಕ ದ್ವಿಶತಮಾನೋತ್ಸವದ ಸಂಚಿಕೆ ಹೊರಬರುವಾಗ ನಾವು ಯಾರೂ ಇರುವುದಿಲ್ಲ. ಕಾಫಿಯ ಬೆಲೆ ಎಷ್ಟಿರುವುದೋ, ಅಡಿಕೆಯ ಮರ ಇರುವುದೋ ಇಲ್ಲವೋ ದೇವರೇ ಬಲ್ಲ. ಆ ದಿನದ ಗುರುಗಳು ನಮ್ಮ ಕಾಲವನ್ನು ಕುರಿತು ಬರೆಯುವಾಗ, ಅಂದಿನವರು ಕೊಡುತ್ತಿದ್ದರು ಎಂದು ಒಂದು ಸಾಲು ಬರೆದರೆ ಸಾಕು. ನಮಗೆ ಮೊದಲು ಈ ಹಾದಿಯಲ್ಲಿ ನಡೆದು, ಹಿಡಿಯಕ್ಕಿಯಿಂದ, ಹೊತ್ತ ಮರಳಿನಿಂದ ಈ ದೇವಾಲಯವನ್ನು ಕಟ್ಟಿ, ಹೆಸರನ್ನೂ ಉಳಿಸದೆ ಸ್ಮಶಾನದ ಹುಲ್ಲಿನಡಿ ಮಲಗಿರುವ ಎಲ್ಲ ತಾಯಿ ತಂದೆಯರಿಗೆ ಪ್ರಭುವು ನಿತ್ಯ ವಿಶ್ರಾಂತಿಯನ್ನು ಕರುಣಿಸಲಿ. ನಮಗೆ ಅವರ ತೆರೆದ ಕೈಯನ್ನೂ ಅವರ ಭರವಸೆಯನ್ನೂ ಅನುಗ್ರಹಿಸಲಿ. ನಿಮ್ಮೆಲ್ಲರ ಮೇಲೆ ದೇವರ ಆಶೀರ್ವಾದವಿರಲಿ.